ಅಮ್ಮಿಯ ಮರೆವು ಮತ್ತು ಮನೆಯೊಳಗಿನ ಪಾಠ

'ಅರವತ್ತಕ್ಕೆ ಅರಳು ಮರುಳು' ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ದಾದಿ ಸಾಲನ್‌ಗೆ ಎರಡು ಸಲ ಉಪ್ಪು ಹಾಕಿದರೆ, ದಾದಾ ಮಸೀದಿಯಿಂದ ಬರುವಾಗ ದಾರಿ ತಪ್ಪಿ ಬೇರೆ ಓಣಿಗೆ ಹೋದರೆ, ಈ ಗಾದೆ ಹೇಳಿ ನಕ್ಕು ಸುಮ್ಮನಾಗುತ್ತೇವೆ. ಸಹೋದರಿಯರೇ, ನಾನೂ ಹಾಗೆ ನಕ್ಕವಳೇ. ಆದ್ದರಿಂದ ಇದನ್ನು ಉಪದೇಶವೆಂದು ತಿಳಿಯಬೇಡಿ.

ನನ್ನ ಅಮ್ಮಿಯ ಅಕ್ಕ ಶಹಾಪುರದಲ್ಲಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಒಂದು ಕಾಲದಲ್ಲಿ ಮದುವೆ ಮನೆಯವರು ಬಂದು ಖಾಲಾರ ಬಳಿ ಬಗಾರಾ ಖಾನಾ, ದಾಲ್ಚಾದ ಅಳತೆ ಕೇಳಿಕೊಂಡು ಹೋಗುತ್ತಿದ್ದರು. ಅಂಥ ಖಾಲಾ ಒಂದು ರಮಝಾನ್‌ನಲ್ಲಿ ಒಲೆಯ ಮುಂದೆ ನಿಂತು, "ಈಗ ಇದಕ್ಕೆ ಏನು ಹಾಕಬೇಕು?" ಎಂದು ಸೊಸೆಯನ್ನು ಕೇಳಿದರು. ಸೊಸೆ ತಮಾಷೆ ಎಂದುಕೊಂಡಳು. ಕೆಲವು ದಿನಗಳ ಬಳಿಕ ಕಪಾಟಿನ ಕೀಲಿ ಕಳೆದುಹೋಯಿತು. ಕೆಲಸದವಳ ಮೇಲೆ ಸಂಶಯ ಬಂತು. ಕೊನೆಗೆ ಕೀಲಿ ಸಿಕ್ಕಿದ್ದು ಅಕ್ಕಿ ಡಬ್ಬಿಯೊಳಗೆ. ನಾನು ಯಾದಗಿರಿಯಿಂದ ಹೋದಾಗಲೆಲ್ಲ ಅವರ ಮುಂದೆ ಕುಳಿತು, "ಖಾಲಾ, ನಾನು ಯಾರು ಹೇಳಿ ನೋಡೋಣ?" ಎನ್ನುತ್ತಿದ್ದೆ. ಸರಿ ಹೇಳಿದರೆ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು, ತಪ್ಪಿದರೆ ನಗುತ್ತಿದ್ದರು. ಆಗ ಅವರ ಮುಖ ಹೇಗಾಗುತ್ತಿತ್ತು ಎಂದು ನೋಡುವ ವ್ಯವಧಾನ ನಮಗಿರಲಿಲ್ಲ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ತಾಯಿಯ ಮೇಲಿನ ಪ್ರೀತಿಯಿಂದಲೇ ಒಂದು ಟ್ಯಾಬ್ ಕಳಿಸಿದ. ಅದರಲ್ಲಿ ಮೆದುಳನ್ನು ಚುರುಕುಗೊಳಿಸುವ ಆಟಗಳಿದ್ದವು. ಬಣ್ಣದ ಚೌಕ ಜೋಡಿಸಬೇಕು, ಅಂಕಿ ನೆನಪಿಟ್ಟು ಒತ್ತಬೇಕು. ಖಾಲಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಪ್ಪಿದಾಗಲೆಲ್ಲ ಕೆಂಪು ಗುರುತು ಬಂದು ಅದು ಕುಂಯ್ ಎನ್ನುತ್ತಿತ್ತು. ಮೂರನೆಯ ದಿನ ಅವರು ಅದನ್ನು ಟ್ರಂಕಿನ ತಳಕ್ಕೆ ಸೇರಿಸಿ, "ನನ್ನ ತಪ್ಪು ಎಣಿಸುವುದಕ್ಕೆ ಮನೆಯವರು ಸಾಲದೇ?" ಎಂದರು.

ಈ ಒಂದು ಮಾತು ನನ್ನನ್ನು ಓದಲು ಹಚ್ಚಿತು. ಮೆದುಳಿಗೆ ತರಬೇತಿ ಕೊಟ್ಟರೆ ಮರೆವು ನಿಲ್ಲುತ್ತದೆಯೇ? ನಿಲ್ಲುವುದಾದರೆ ಅಕ್ಷರ ಬಾರದ ನಮ್ಮ ತಾಯಂದಿರಿಗೆ ಯಾವ ತರಬೇತಿ?

ಮೊದಲು ವೈದ್ಯರಲ್ಲಿಗೆ

ವಯಸ್ಸಾದಂತೆ ಹೆಸರು ತಕ್ಷಣ ಹೊಳೆಯದಿರುವುದು ಸಹಜ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಮರೆವು. ಕನ್ನಡಕ ಯಾತಕ್ಕೆ ಎಂದು ಯೋಚಿಸುವುದು, ಐವತ್ತು ವರ್ಷ ಮಾಡಿದ ಅಡುಗೆಯ ಕ್ರಮ ತಪ್ಪುವುದು, ಪರಿಚಿತ ಓಣಿಯಲ್ಲಿ ದಾರಿ ತಿಳಿಯದಿರುವುದು, ಈಗಷ್ಟೇ ಕೇಳಿದ್ದನ್ನು ಮತ್ತೆ ಮತ್ತೆ ಕೇಳುವುದು, ಇವು ಬೇರೆ. ಮೆದುಳಿನ ಕಾಯಿಲೆಯಿಂದ ನೆನಪು, ಯೋಚನೆ, ನಿತ್ಯದ ಕೆಲಸ ಕುಂದುತ್ತಾ ಹೋಗುವುದಕ್ಕೆ ವೈದ್ಯರು ಡಿಮೆನ್ಶಿಯಾ ಎನ್ನುತ್ತಾರೆ. ಅಲ್ಝೈಮರ್ಸ್ ಅದರ ಮುಖ್ಯ ಕಾರಣ. ಮೆದುಳಿನ ರಕ್ತನಾಳಗಳಿಗೆ ಹಾನಿಯಾದರೂ ಅದು ಬರುತ್ತದೆ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಇದು ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು.

ಆದರೆ ಮರೆವೆಲ್ಲ ಡಿಮೆನ್ಶಿಯಾ ಅಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ನಿದ್ದೆಮಾತ್ರೆಗಳು, ಇವೂ ಮರೆವು ತರುತ್ತವೆ ಮತ್ತು ಇವಕ್ಕೆ ಚಿಕಿತ್ಸೆ ಇದೆ. ಕಿವಿ ಮಂದವಾದವರಿಗೆ ಹೇಳಿದ್ದು ಸರಿಯಾಗಿ ಕೇಳಿಸಿಯೇ ಇರುವುದಿಲ್ಲ, ನಾವು ಮರೆತರು ಎನ್ನುತ್ತೇವೆ. ಒಂದೆರಡು ದಿನದಲ್ಲೇ ಏಕಾಏಕಿ ಗೊಂದಲ ಶುರುವಾದರೆ ಅದು ಸೋಂಕೋ ಪಾರ್ಶ್ವವಾಯುವೋ ಇರಬಹುದು. ಆಗ ಅದೇ ದಿನ ಆಸ್ಪತ್ರೆಗೆ ಓಡಬೇಕು.

ನಮ್ಮಲ್ಲಿ ವೈದ್ಯರಿಗಿಂತ ಮೊದಲು ಆಮಿಲರ ಬಳಿ ಹೋಗುವ ರೂಢಿ ಇದೆ. ಯಾರೋ ಮಾಟ ಮಾಡಿದ್ದಾರೆ ಎಂದು ಖಾಲಾರನ್ನೂ ಒಂದು ಕಡೆ ಕರೆದೊಯ್ದಿದ್ದರು. ಆ ಖರ್ಚಿನಲ್ಲಿ ರಕ್ತ ಪರೀಕ್ಷೆ ಮೂರು ಸಲ ಆಗುತ್ತಿತ್ತು. ದುಆ ಮಾಡಿ, ಅದನ್ನು ಯಾರೂ ತಡೆಯುವುದಿಲ್ಲ. ಆದರೆ ಚಿಕಿತ್ಸೆ ಪಡೆಯಲು ನಮಗೆ ಕಲಿಸಿದವರು ನಮ್ಮ ಪ್ರವಾದಿಯವರೇ(ಸ) ಅಲ್ಲವೇ?

ನಮ್ಮ ರಾಜ್ಯದಲ್ಲಿ 2022ರಲ್ಲಿ ಸರಕಾರವು ನಿಮ್ಹಾನ್ಸ್ ಜೊತೆ ಸೇರಿ 'ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ'ವನ್ನು ಆರಂಭಿಸಿತು. ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಲ್ಲಿ ಮೊದಲು ಶುರುವಾದ ಈ ಕೆಲಸವನ್ನು ಬಳಿಕ ಇತರ ಜಿಲ್ಲೆಗಳಿಗೂ ವಿಸ್ತರಿಸುವ ತೀರ್ಮಾನವಾಯಿತು. ಯಾದಗಿರಿ ಜಿಲ್ಲಾ ಆಸ್ಪತ್ರೆಗೆ ಹೋದಾಗ ಮೆದುಳು ಆರೋಗ್ಯ ಚಿಕಿತ್ಸಾಲಯದ ಬಗ್ಗೆ ಹೆಸರು ಹಿಡಿದೇ ಕೇಳಿ. ನೆನಪಿನ ಶಕ್ತಿ ಅಳೆಯಲು ಐಸಿಎಂಆರ್ ಸಂಸ್ಥೆಯು ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ಇಂಗ್ಲಿಷಿನ ಪ್ರಶ್ನೆಗೆ ಉತ್ತರ ಬರಲಿಲ್ಲವೆಂದು ಯಾರನ್ನೂ ರೋಗಿ ಮಾಡಬೇಕಿಲ್ಲ.

ಆಟದಿಂದ ಏನಾಗುತ್ತದೆ?

ಈಗ ತರಬೇತಿಯ ವಿಷಯಕ್ಕೆ ಬರೋಣ. ಮೊಬೈಲಿನ ಆಟ ಆಡಿದವರು ಆ ಆಟದಲ್ಲಿ ಚುರುಕಾಗುತ್ತಾರೆ. ಅದು ಕೀಲಿ ಎಲ್ಲಿದೆ ಎಂದು ನೆನಪಿಸುವಷ್ಟು ದೂರ ಬರುತ್ತದೆಯೇ ಎಂಬುದೇ ಪ್ರಶ್ನೆ. 'ಲ್ಯುಮೋಸಿಟಿ' ಎಂಬ ಹೆಸರುವಾಸಿ ಆಟದ ಕಂಪೆನಿ ತನ್ನ ಆಟಗಳು ಮರೆವನ್ನು ತಡೆಯುತ್ತವೆ ಎಂಬಂತೆ ಜಾಹೀರಾತು ಕೊಟ್ಟಿತ್ತು. ಅದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಗ್ರಾಹಕ ರಕ್ಷಣಾ ಆಯೋಗ ತಕರಾರು ತೆಗೆದು, 2016ರಲ್ಲಿ ಕಂಪೆನಿ 20 ಲಕ್ಷ ಡಾಲರ್ ತೆರಬೇಕಾಯಿತು. ಬ್ರಿಟನ್ನಿನ ಸರಕಾರಿ ಆರೋಗ್ಯ ವ್ಯವಸ್ಥೆಗೆ ಚಿಕಿತ್ಸೆಯ ಸೂತ್ರ ಹಾಕಿಕೊಡುವ ನೈಸ್ ಸಂಸ್ಥೆ 2018ರಲ್ಲಿ ಸ್ಪಷ್ಟವಾಗಿ ಹೇಳಿತು: ಅಲ್ಝೈಮರ್ಸ್‌ನ ಆರಂಭದ ಮತ್ತು ನಡು ಹಂತದವರಿಗೆ ಇಂಥ ಕಸರತ್ತಿನ ತರಬೇತಿ ಕೊಡಬೇಡಿ. ಬದಲಿಗೆ ಗುಂಪಿನಲ್ಲಿ ಕುಳಿತು ಮನಸ್ಸಿಗೆ ಚೇತನ ಕೊಡುವ ಚಟುವಟಿಕೆ ಮಾಡಿಸಿ.

ಈ ಗುಂಪಿನ ಪದ್ಧತಿಯ ಹಿಂದೆ 2003ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಬ್ರಿಟನ್ನಿನ ಏಮಿ ಸ್ಪೆಕ್ಟರ್ ಮತ್ತು ಸಂಗಡಿಗರು ಡಿಮೆನ್ಶಿಯಾ ಇದ್ದ 201 ಹಿರಿಯರನ್ನು ತೆಗೆದುಕೊಂಡು, ಅವರಲ್ಲಿ ಕೆಲವರನ್ನು ಸಣ್ಣ ಗುಂಪುಗಳಾಗಿ ವಾರಕ್ಕೆ ಎರಡು ಸಲ, ಮುಕ್ಕಾಲು ಗಂಟೆ, ಏಳು ವಾರ ಕೂರಿಸಿದರು. ಅಲ್ಲಿ ಇದ್ದದ್ದು ಊಟ, ಬಾಲ್ಯ, ನಾಣ್ಯ, ಹಾಡು, ಊರಿನ ಸುದ್ದಿ, ಚೆಂಡಿನಾಟ ಇಷ್ಟೇ. ಗುಂಪಿನಲ್ಲಿ ಕುಳಿತವರ ನೆನಪು ಮತ್ತು ಯೋಚನೆ ಕುಳಿತುಕೊಳ್ಳದವರಿಗಿಂತ ಉತ್ತಮವಾಗಿತ್ತು. ಆ ಲಾಭ ಡಿಮೆನ್ಶಿಯಾದ ಮಾತ್ರೆಗಳಿಂದ ಸಿಗುವ ಲಾಭಕ್ಕೆ ಸಮನಾಗಿತ್ತು. ಮಾತ್ರೆ ರೋಗವನ್ನು ಗುಣಪಡಿಸುವುದಿಲ್ಲ, ಇದೂ ಗುಣಪಡಿಸುವುದಿಲ್ಲ. ಸ್ವಲ್ಪ ಕಾಲ ಹಿಡಿದು ನಿಲ್ಲಿಸುತ್ತದೆ. ಚೆನ್ನೈನ ಸ್ಕಾರ್ಫ್ ಸಂಸ್ಥೆಯವರು ಇದನ್ನು ತಮಿಳು ಹಿರಿಯರಿಗೆ ಹೊಂದುವಂತೆ ಬದಲಾಯಿಸಿಕೊಂಡಿದ್ದಾರೆ.

ಈ ಪದ್ಧತಿಯ ಒಂದು ನಿಯಮವನ್ನು ನಾನು ನನ್ನ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ನೆನಪನ್ನು ಪರೀಕ್ಷಿಸಬಾರದು, ಅಭಿಪ್ರಾಯ ಕೇಳಬೇಕು. "ಈ ಫೋಟೋದಲ್ಲಿರುವುದು ಯಾರು?" ಎಂಬುದು ಪರೀಕ್ಷೆ. ಅದಕ್ಕೆ ಒಂದೇ ಉತ್ತರ, ಅದು ಬಾರದಿದ್ದರೆ ಸೋಲು. "ಈ ಫೋಟೋದಲ್ಲಿ ಯಾರ ದುಪಟ್ಟಾ ಚೆನ್ನಾಗಿದೆ?" ಎಂದು ಕೇಳಿ ನೋಡಿ. ತಪ್ಪು ಉತ್ತರವೇ ಇಲ್ಲ. ಅದನ್ನು ಹೇಳುತ್ತಾ ಹೇಳುತ್ತಾ ಹೆಸರು ತಾನಾಗಿ ಬಂದರೂ ಬಂತು. ಇಪ್ಪತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿಯೇ ಸಂಬಳ ತಿಂದ ನನಗೆ ಈ ಪಾಠ ಸುಲಭವಾಗಿರಲಿಲ್ಲ.

ಅಕ್ಷರ ಬಾರದವರ ಮೆದುಳು

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83. ಇಡೀ ರಾಜ್ಯದಲ್ಲಿ ಅತಿ ಕಡಿಮೆ. ಹೆಂಗಸರಲ್ಲಿ ಅದಕ್ಕಿಂತಲೂ ಕಡಿಮೆ, ಇಂದು ಎಪ್ಪತ್ತು ದಾಟಿದ ಹೆಂಗಸರಲ್ಲಿ ಇನ್ನೆಷ್ಟು ಎಂದು ನೀವೇ ಊಹಿಸಿ. ಪದಬಂಧ, ಪುಸ್ತಕ, ಸುಡೊಕು ಎಂದು ಪತ್ರಿಕೆಗಳಲ್ಲಿ ಬರುವ ಸಲಹೆಗಳೆಲ್ಲ ಇವರನ್ನು ಬಿಟ್ಟು ಬರೆದವು.

ಆದರೆ ಅಕ್ಷರ ಬಾರದವರ ಮೆದುಳು ಖಾಲಿ ಕೂತಿರಲಿಲ್ಲ. ಹೈದರಾಬಾದಿನ ನಿಝಾಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿಯವರು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಮ್ಮ ಭಾಗದವರು ಓದಲೇಬೇಕು. ಅವರು ಆ ಬಳಿಕ ನಿಮ್ಹಾನ್ಸ್‌ಗೆ ಬಂದರು. ಅವರು ನೋಡಿದ 648 ಡಿಮೆನ್ಶಿಯಾ ರೋಗಿಗಳಲ್ಲಿ ಎರಡು ಅಥವಾ ಹೆಚ್ಚು ಭಾಷೆ ಆಡುತ್ತಿದ್ದವರಿಗೆ, ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ರೋಗ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ಅಂತರ ಕಂಡಿತು. ತೆಲುಗು, ಉರ್ದು, ದಖನಿ ಬೆರೆತ ಆ ನಗರದ ಜನ ನಮ್ಮಂಥವರೇ. ಎಲ್ಲ ದೇಶಗಳ ಅಧ್ಯಯನಗಳೂ ಇದನ್ನು ಒಪ್ಪಿಲ್ಲ, ರೋಗ ಬಂದ ಮೇಲೆ ಹೊಸ ಭಾಷೆ ಕಲಿತರೆ ಗುಣವಾಗುತ್ತದೆ ಎಂದೂ ಇದರ ಅರ್ಥವಲ್ಲ. ನನಗೆ ಇದರಲ್ಲಿ ಹಿಡಿಸಿದ್ದು ಬೇರೆ ವಿಷಯ. ಮನೆಯಲ್ಲಿ ದಖನಿ, ಸಂತೆಯಲ್ಲಿ ಕನ್ನಡ, ನಾರಾಯಣಪೇಟೆಯ ಬಟ್ಟೆ ವ್ಯಾಪಾರಿಯೊಡನೆ ಅಷ್ಟಿಷ್ಟು ತೆಲುಗು ಆಡಿಕೊಂಡು ಬಂದ ಹೆಂಗಸು, ಯಾರೂ ಕೊಡದ ಒಂದು ತರಬೇತಿಯನ್ನು ಬದುಕಿಡೀ ಪಡೆದವಳು.

ಹಾಗಾದರೆ ಅವಳ ಕೈಯಲ್ಲಿರುವುದರಿಂದಲೇ ಶುರು ಮಾಡೋಣ. ಮೊರದಲ್ಲಿ ತೊಗರಿಬೇಳೆ ಆರಿಸುವುದು, ಜೋಳ ಮತ್ತು ಸಜ್ಜೆ ಬೇರೆ ಮಾಡುವುದು ವಿಂಗಡಣೆಯ ವ್ಯಾಯಾಮವೇ. ಮಸಾಲೆಯ ಡಬ್ಬಿ ತೆರೆದು ಕಣ್ಣು ಮುಚ್ಚಿ ವಾಸನೆ ನೋಡಿ, "ಇದು ಯಾವುದಕ್ಕೆ ಒಳ್ಳೆಯದು?" ಎಂದು ಕೇಳಬಹುದು. 2011ರಲ್ಲಿ ಚಲಾವಣೆ ನಿಂತ ನಾಲ್ಕಾಣೆ ನಿಮ್ಮ ಕಪಾಟಿನಲ್ಲಿದ್ದರೆ ತೆಗೆದು ಅವರ ಅಂಗೈಯಲ್ಲಿಡಿ. ಆ ಕಾಲಕ್ಕೆ ಅದರಿಂದ ಏನೇನು ಬರುತ್ತಿತ್ತೆಂದು ಅವರು ಹೇಳುತ್ತಾ ಹೋಗುತ್ತಾರೆ. ಶಹಾಪುರ, ಸುರಪುರದ ಕಡೆಯ ಹಿರಿಯರಾದರೆ ನಾರಾಯಣಪುರದ ಕಾಲುವೆ ನೀರು ಬರುವ ಮೊದಲು ಹೊಲ ಹೇಗಿತ್ತು ಎಂದು ಕೇಳಿ. ನನ್ನ ಖಾಲಾ ನಿನ್ನೆಯ ಊಟ ಮರೆತವರು, ಬೆಳೆ ಬಾರದ ವರ್ಷ ಯಾವ ಮನೆಯಿಂದ ಎಷ್ಟು ಸೇರು ಜೋಳ ಸಾಲ ತಂದರೆಂದು ಅರ್ಧ ಗಂಟೆ ಹೇಳಿದರು.

ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಲೆಂದು ಬಿಜಾಪುರ ಸೀಮೆಯ ಸೂಫಿಗಳು ದಖನಿಯಲ್ಲಿ ಚಕ್ಕಿನಾಮಾ ರಚಿಸಿದ್ದರು. ಬೀಸುವ ಹಾಡು ನಮ್ಮ ಕನ್ನಡ ಅವ್ವಂದಿರಲ್ಲೂ ಇದೆ. ಕಲ್ಲು ಮೂಲೆ ಸೇರಿ ಹಾಡು ಮರೆಯಾದರೂ, ಎಪ್ಪತ್ತರ ಆಸುಪಾಸಿನವರಿಗೆ ಶಾದಿಯ ಹಾಡೋ ಜೋಗುಳವೋ ಬಂದೇ ಬರುತ್ತದೆ. ನೀವು ಒಂದು ಸಾಲು ಶುರು ಮಾಡಿ ನಿಲ್ಲಿಸಿ, ಅವರು ಮುಂದುವರಿಸುತ್ತಾರೆ. ಬಾಯಿಪಾಠದ ಸೂರಃಗಳೂ ಹಾಗೆಯೇ. ಬಾಲ್ಯದಲ್ಲಿ ಕಲಿತು ದಿನಕ್ಕೆ ಐದು ಹೊತ್ತು ಹೇಳಿದ್ದು ಅನೇಕರಲ್ಲಿ ಬಹಳ ಕಾಲ ಉಳಿಯುತ್ತದೆ.

ನಮಾಝ್ ಬಗ್ಗೆ ಸಹೋದರಿಯರು ಆಗಾಗ ಕೇಳುವುದುಂಟು. ಅತ್ತೆ ರಕಅತ್ ಮರೆಯುತ್ತಾರೆ, ಮಾಡಿದ ನಮಾಝನ್ನೇ ಮತ್ತೆ ಮಾಡುತ್ತಾರೆ, ಏನು ಮಾಡಲಿ? ಬುದ್ಧಿ ಇಲ್ಲದವರ ಮೇಲೆ ಹೊಣೆ ಇಲ್ಲವೆಂಬುದು ಶರೀಅತ್‌ನ ಮೂಲ ನಿಯಮ. ಆದರೆ ಆರಂಭದ ಹಂತದಲ್ಲಿರುವವರಿಗೆ ಬುದ್ಧಿ ಇದೆ. "ನಿಮಗಿನ್ನು ನಮಾಝ್ ಬೇಡ ಬಿಡಿ" ಎಂದು ನಾವೇ ಫತ್ವಾ ಕೊಡಬಾರದು. ನೀವು ನಮಾಝ್ ಮಾಡುವಾಗ ಅವರ ಜಾನಮಾಝನ್ನೂ ಪಕ್ಕದಲ್ಲಿ ಹಾಸಿ, ನಿಮ್ಮನ್ನು ನೋಡಿ ಮಾಡುತ್ತಾರೆ. ಉಳಿದ ಮಸ್‌ಅಲಾ ಊರಿನ ಆಲಿಮರನ್ನು ಕೇಳಿ.

ಒಂದೇ ವಿಷಯ, ಹತ್ತು ಸಲ

ಒಂದು ನಿರ್ದಿಷ್ಟ ವಿಷಯ ನೆನಪಿರಬೇಕೆಂದಿದ್ದರೆ ಅದಕ್ಕೊಂದು ವಿಧಾನ ಇದೆ. ಸಮಯದ ಅಂತರ ಹೆಚ್ಚಿಸುತ್ತಾ ಕೇಳುವುದು. ಖಾಲಾರ ಕೀಲಿಯ ಉದಾಹರಣೆಯನ್ನೇ ಹೇಳುತ್ತೇನೆ.

ಮೊದಲು ಕೀಲಿಗೆ ಒಂದೇ ಜಾಗ ಗೊತ್ತು ಮಾಡಿದೆವು, ಅಡುಗೆಮನೆ ಬಾಗಿಲ ಹಿಂದಿನ ಮೊಳೆ. "ಖಾಲಾ, ಕೀಲಿ ಬಾಗಿಲ ಹಿಂದಿನ ಮೊಳೆಗೆ. ಕೀಲಿ ಎಲ್ಲಿ?" ಎಂದು ಆ ಕ್ಷಣವೇ ಕೇಳಬೇಕು. ಈಗಷ್ಟೇ ಹೇಳಿದ್ದರಿಂದ ಉತ್ತರ ಬರುತ್ತದೆ. ಮೆಂತ್ಯೆ ಸೊಪ್ಪು ಬಿಡಿಸುತ್ತಾ, ಮಾತಾಡುತ್ತಾ ಒಂದು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ಬಳಿಕ ಎರಡು ನಿಮಿಷ, ನಾಲ್ಕು, ಎಂಟು, ಹದಿನೈದು. ಎಲ್ಲಾದರೂ ಉತ್ತರ ತಡವರಿಸಿದರೆ "ಯೋಚಿಸಿ, ಯೋಚಿಸಿ" ಎಂದು ಕಾಡಬೇಡಿ. ಊಹಿಸಿ ತಪ್ಪು ಹೇಳಿದರೆ ಆ ತಪ್ಪೇ ನೆನಪಿನಲ್ಲಿ ಕೂರುತ್ತದೆ. ತಕ್ಷಣ ಸರಿ ಉತ್ತರ ಹೇಳಿ, ಅವರಿಂದ ಹೇಳಿಸಿ, ಹಿಂದೆ ಸರಿಯಾಗಿದ್ದ ಅಂತರಕ್ಕೆ ಇಳಿಯಿರಿ. ಬಾಯಲ್ಲಿ ಹೇಳಿದ್ದು ಸಾಲದು, ಎದ್ದು ಹೋಗಿ ಕೀಲಿ ಮುಟ್ಟಿ ಬರಲಿ. ಒಂದು ವಿಷಯ ಗಟ್ಟಿಯಾಗುವ ತನಕ ಇನ್ನೊಂದು ಬೇಡ.

ನಾನು ಮುಂಚೆ ಕೇಳುತ್ತಿದ್ದ "ನಾನು ಯಾರು?" ಕೂಡ ಪ್ರಶ್ನೆಯೇ ತಾನೆ ಎನ್ನಬಹುದು. ಅಲ್ಲಿ ಉತ್ತರ ಕೊಡದೆ ಕೇಳುತ್ತಿದ್ದೆ, ಇಲ್ಲಿ ಉತ್ತರ ಕೊಟ್ಟು ಕೇಳುತ್ತೇನೆ.

ಬ್ರಿಟನ್ನಿನ ಲಿಂಡಾ ಕ್ಲೇರ್ ಅವರ ತಂಡ 475 ಜನರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೂ ಈ ದಾರಿಯದೇ. ಅವರು ನೆನಪಿಗೆ ಅಂಕ ಕೊಡುವ ಬದಲು, 'ನಿಮಗೆ ಯಾವ ಕೆಲಸ ಮತ್ತೆ ಮಾಡಬೇಕೆನಿಸುತ್ತದೆ?' ಎಂದು ರೋಗಿಯನ್ನೇ ಕೇಳಿ ಅದಕ್ಕೆ ಮಾತ್ರ ತರಬೇತಿ ಕೊಟ್ಟರು. ಆರಿಸಿಕೊಂಡ ಕೆಲಸದಲ್ಲಿ ಸುಧಾರಣೆ ಕಂಡಿತು. ಬೇರೆಲ್ಲದರಲ್ಲಿ ಅಲ್ಲ, ಆ ಕೆಲಸದಲ್ಲಿ. ಖಾಲಾರನ್ನು ಕೇಳಿದಾಗ ಅವರು ಕೀಲಿ ಎನ್ನಲಿಲ್ಲ. "ಈದ್‌ಗೆ ಶೀರ್ ಖುರ್ಮಾ ನಾನೇ ಮಾಡಬೇಕು" ಎಂದರು. ಸೊಸೆ ಸಾಮಗ್ರಿಗಳನ್ನು ಹಾಕುವ ಕ್ರಮದಲ್ಲೇ ಎಡದಿಂದ ಬಲಕ್ಕೆ ಸಾಲಾಗಿ ಇಟ್ಟಳು. ಒಂದು ಬಟ್ಟಲು ಖಾಲಿಯಾದರೆ ಅದನ್ನು ಬೋರಲು ಹಾಕುವುದು. ಬರೆದಿಡುವ ಚೀಟಿ ಓದಲು ಬಾರದವರಿಗೆ ಇದು ಚೀಟಿ. ಒಲೆಯ ಬಳಿ ಸೊಸೆ ನಿಂತೇ ಇದ್ದಳು, ಗ್ಯಾಸ್ ವಿಷಯದಲ್ಲಿ ಧೈರ್ಯ ಮಾಡುವ ಹಾಗಿಲ್ಲ.

ಸೊಸೆಗೆ ಏನು ಸಿಗುತ್ತದೆ?

ಇಷ್ಟೆಲ್ಲ ಮಾಡುವವರು ಯಾರು? ಹೆಚ್ಚಾಗಿ ಸೊಸೆಯೇ. ಮಗಳು ಎರಡು ದಿನಕ್ಕೆ ತವರಿಗೆ ಬಂದು, ಹೀಗೆ ಮಾಡು ಹಾಗೆ ಮಾಡು ಎಂದು ಬುದ್ಧಿ ಹೇಳಿ ಹೋಗುತ್ತಾಳೆ. ಮಗ ಟ್ಯಾಬ್ ಕಳಿಸುತ್ತಾನೆ. ಖಾಲಾರ ಸೊಸೆ ಸುರಪುರದವಳು, ಕನ್ನಡ ಶಾಲೆಯಲ್ಲಿ ಓದಿದವಳು. "ಆಪಾ, ದಿನಕ್ಕೆ ನಲವತ್ತು ಸಲ ಒಂದೇ ಪ್ರಶ್ನೆ. ನಲವತ್ತೊಂದನೆಯ ಸಲಕ್ಕೆ ನನ್ನ ಬಾಯಿಂದ ಏನು ಬಂತೋ ಅಲ್ಲಾಹನಿಗೇ ಗೊತ್ತು" ಎಂದು ನನ್ನೆದುರು ಅತ್ತಳು. ಮುಪ್ಪಿನಲ್ಲಿ ಹೆತ್ತವರಿಗೆ 'ಉಫ್' ಕೂಡ ಎನ್ನಬಾರದೆಂಬ ಆಜ್ಞೆ ಕುರ್‌ಆನಿನಲ್ಲಿದೆ. ಅದು ಮೊದಲು ಮಕ್ಕಳ ಮೇಲಿನ ಹೊಣೆ ಎಂಬುದನ್ನು ಗಂಡುಮಕ್ಕಳಿಗೆ ನೆನಪಿಸಬೇಕಾಗಿದೆ. ಅಸರ್‌ನಿಂದ ಮಗ್ರಿಬ್‌ವರೆಗೆ ತಾಯಿಯ ಜೊತೆ ಮಗ ಕೂರಲಿ, ಆ ಹೊತ್ತಿಗೆ ಸೊಸೆ ಮನೆಯಿಂದ ಹೊರಗೆ ಹೋಗಿ ಬರಲಿ.

ಮನೆಯಲ್ಲೇ ಒಬ್ಬರಿಗೊಬ್ಬರು ಕುಳಿತು ಮಾಡುವ ಅಭ್ಯಾಸದ ಬಗ್ಗೆಯೂ ಬ್ರಿಟನ್ನಿನಲ್ಲಿ ಪ್ರಯೋಗ ನಡೆದಿತ್ತು. 356 ಜೋಡಿ ರೋಗಿ ಮತ್ತು ಆರೈಕೆ ಮಾಡುವವರು, ವಾರಕ್ಕೆ ಮೂರು ಸಲ, ಅರ್ಧ ಗಂಟೆ. 2017ರಲ್ಲಿ ಫಲಿತಾಂಶ ಬಂತು. ಗುಂಪಿನಲ್ಲಿ ಕಂಡಂತೆ ಇಲ್ಲಿ ನೆನಪಿನ ಶಕ್ತಿ ಹೆಚ್ಚಲಿಲ್ಲ. ಈ ನಿರಾಶೆಯ ಸುದ್ದಿಯನ್ನು ಮುಚ್ಚಿಡಬಾರದು, ಏಕೆಂದರೆ ಮನೆಯವರು ಇಷ್ಟು ಕಷ್ಟಪಟ್ಟರೂ ಅಮ್ಮಿ ಮರೆಯುತ್ತಲೇ ಇದ್ದಾರೆಂದು ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ. ಆದರೆ ಅದೇ ಪ್ರಯೋಗದಲ್ಲಿ ಇನ್ನೊಂದು ವಿಷಯ ಕಂಡಿತು. ಆರೈಕೆ ಮಾಡುವವರ ಜೊತೆಗಿನ ಸಂಬಂಧ ಚೆನ್ನಾಗಿದೆ ಎಂದು ರೋಗಿಗಳು ಹೇಳಿದರು, ಆರೈಕೆ ಮಾಡುವವರ ಬದುಕೂ ಸ್ವಲ್ಪ ಹಗುರಾಯಿತು. ಅತ್ತೆ ಸೊಸೆ ಇರುವ ಮನೆಗೆ ಇದು ಸಣ್ಣ ಲಾಭವೇ?

ನೆನಪಿಗೂ ಲಾಭ ಬೇಕೆಂದರೆ ಗುಂಪು ಬೇಕು. ಅದು ನಮ್ಮಲ್ಲಿ ಕಷ್ಟವಿಲ್ಲ. ಮೊಹಲ್ಲಾದಲ್ಲಿ ಹೆಂಗಸರ ಇಜ್ತಿಮಾ ವಾರಕ್ಕೊಮ್ಮೆ ನಡೆಯುತ್ತದೆ. ಅದಕ್ಕೆ ಮೊದಲು ಮುಕ್ಕಾಲು ಗಂಟೆ ಐದಾರು ಹಿರಿಯರನ್ನು ಒಂದು ಚಾಪೆಯ ಮೇಲೆ ಕೂರಿಸಿ. ಮರೆವು ಇಲ್ಲದವರೂ ಇರಲಿ, ಪಕ್ಕದ ಮನೆಯ ಅವ್ವನೂ ಬರಲಿ. ವಾರಕ್ಕೊಂದು ವಿಷಯ ಸಾಕು, ಒಂದು ವಾರ ಉಪ್ಪಿನಕಾಯಿ, ಒಂದು ವಾರ ಮದುವೆಯ ಉಡುಗೆ. ಕಿವಿ ಕೇಳಿಸದವರನ್ನು ಮಾತಾಡುವವರ ಎದುರಿಗೆ ಕೂರಿಸಿ. ಅವರಿಗೆ ಸಲೀಸಾದ ಭಾಷೆಯಲ್ಲೇ ಮಾತು ನಡೆಯಲಿ. ಯಾದಗಿರಿಯಲ್ಲಿ ನಾವು ಐದು ಜನ ಇದನ್ನು ಶುರು ಮಾಡಿದ್ದೇವೆ. ಎರಡು ವಾರ ತಪ್ಪಿದ್ದೂ ಇದೆ, ಒಮ್ಮೆ ಜಗಳವೂ ಆಯಿತು, ದಾಲ್ಚಾಗೆ ಕುಂಬಳಕಾಯಿಯೋ ಸೋರೆಕಾಯಿಯೋ ಎಂಬ ವಿಷಯಕ್ಕೆ. ಅಂದು ಐವರೂ ಬಹಳ ಚುರುಕಾಗಿದ್ದರು.

ನಿಮ್ಮ ಊರಿನಲ್ಲಿ ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ. ನೋಡಿಕೊಳ್ಳುವವರೇ ಕುಸಿಯುತ್ತಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಎರಡಕ್ಕೂ ಹಣ ಕೊಡಬೇಕಾಗಿಲ್ಲ.

ಮೊನ್ನೆ ಶಹಾಪುರಕ್ಕೆ ಹೋಗಿದ್ದೆ. ಖಾಲಾ ಬಾಗಿಲಲ್ಲೇ ನನ್ನ ಕೈ ಹಿಡಿದು, ನನ್ನ ಅಮ್ಮಿಯ ಹೆಸರು ಕರೆದರು. ಮೊದಲಾಗಿದ್ದರೆ ತಿದ್ದುತ್ತಿದ್ದೆ. ಒಳಗೆ ಹೋಗಿ ಅವರ ಪಕ್ಕ ಕುಳಿತೆ. ಮೊರದಲ್ಲಿ ತೊಗರಿಬೇಳೆ ಇತ್ತು. ಅರ್ಧ ತಾವಿಟ್ಟುಕೊಂಡು ಅರ್ಧ ನನ್ನ ಕಡೆಗೆ ಸರಿಸಿ, "ಕಲ್ಲು ನೋಡಿ ತೆಗಿ, ನಿನ್ನ ಕಣ್ಣು ಮೊದಲಿಂದಲೂ ಅಷ್ಟಕ್ಕಷ್ಟೇ" ಎಂದರು. ಅಮ್ಮಿಯ ಕಣ್ಣು ನಿಜಕ್ಕೂ ಹಾಗೆಯೇ ಇತ್ತು.